ಮಡಿವಾಳಪ್ಪನ ಹುಲ್ಲಿಗೆ ಹಿಡಿದ ಗ್ರಹಣ

ಶನಿವಾರ ಬೆಳಿಗ್ಗೆ ಮಡಿವಾಳಪ್ಪ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಒಂದು ಸುಳ್ಳು ಹೇಳಿದ. ಬಾಯಿ ಮುಕ್ಕಳಿಸಿ ಬರುವಷ್ಟು ಪುರುಸೊತ್ತು ಸಿಕ್ಕಿದ್ದರೆ ಅವನು ನಿಜವನ್ನೇ ಹೇಳುತ್ತಿದ್ದ. ಆದರೆ ಗೇಟಿನ ಹೊರಗೆ ಬಡಾವಣೆಯ ಮಾಲಿ ಮುನಿಕೃಷ್ಣ ಹುಲ್ಲು ಕತ್ತರಿಸುವ ಮಿಷನ್ನನ್ನು ಹೆಗಲಿಗೆ ತಗುಲಿಸಿಕೊಂಡು, ಸ್ಟಾರ್ಟ್ ಮಾಡಿಯೇ ನಿಂತಿದ್ದ.

“ಏನಪ್ಪಾ ಮುನಿಕೃಷ್ಣ, ಏನಿದು?”

“ನಿಮ್ಮನೆ ಕಳೆ ಹೊಡೀಬೇಕು ಸಾ. ಪ್ರೆಸಿಡೆಂಟ್ರು ಯೋಳವ್ರೆ. ಸಾಯಂಕಾಲ ತ್ವಾಟ ನೋಡಕ್ಕೆ ಯಾರೋ ದೊಡ್ಡೋರು ಬತ್ತಾವ್ರಂತೆ. ಅಷ್ಟೊತ್ಗೆ ಇದೊಂದು ಕಿಲೀನ್ ಆಗ್ಬುಡ್ಲಿ ಅಂದ್ರು.”

ಮುನಿಕೃಷ್ಣ ಕಳೆ ಎಂದದ್ದು ಮಡಿವಾಳಪ್ಪನ ಮೂರು ವರ್ಷದ ಬೆವರನ್ನು.

ಹೆಬ್ಬಗೋಡಿಯ ಹಿಂದಿನ ಈ ನಲವತ್ತು ಮನೆಗಳ ಬಡಾವಣೆಗೆ ಬಿಲ್ಡರು ಗ್ರೀನ್ ಮೆಡೋಸ್ ಎಂದು ಹೆಸರಿಟ್ಟಿದ್ದ. ಹಾಗೆಂದರೆ ಹಸಿರು ಹುಲ್ಲುಗಾವಲು. ಇಲ್ಲಿ ಯಾರ ಮನೆಯಲ್ಲಾದರೂ ಹುಲ್ಲು ಮೊಣಕಾಲಿಗಿಂತ ಎತ್ತರ ಬೆಳೆದರೆ ನಿವಾಸಿಗಳ ಸಂಘದಿಂದ ನೋಟೀಸು ಬರುತ್ತಿತ್ತು. ಬೊಮ್ಮಸಂದ್ರದ ಪಂಪು ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದ ಮಡಿವಾಳಪ್ಪನೂ ಮನೆ ಕೊಂಡ ಹೊಸದರಲ್ಲಿ ಎಲ್ಲರಂತೆ ಮುಂದಿನ ಅಂಗಳಕ್ಕೆ ಕಾರ್ಪೆಟ್ ಹುಲ್ಲು ಹಾಸಿಸಿದ್ದ. ಆ ಹುಲ್ಲು ಟ್ಯಾಂಕರ್ ನೀರು ಕುಡಿಯಿತು, ಗೊಬ್ಬರ ತಿಂದಿತು, ವಾರಕ್ಕೊಮ್ಮೆ ಕ್ಷೌರ ಮಾಡಿಸಿಕೊಂಡಿತು, ಮೇ ತಿಂಗಳು ಬಂದ ಕೂಡಲೇ ಸತ್ತಿತು. ಅದೇ ಮೇ ತಿಂಗಳಲ್ಲಿ ಕಾರ್ಖಾನೆಯ ದಾರಿಯ ಕೆರೆ ಏರಿಯ ಮೇಲೆ ಯಾರೂ ನೆಡದ, ಯಾರೂ ನೀರು ಹಾಕದ ಹುಲ್ಲು ಗಟ್ಟಿಯಾಗಿ ನಿಂತಿದ್ದನ್ನು ಅವನು ಬಸ್ಸಿನ ಕಿಟಕಿಯಿಂದ ನೋಡಿದ. ಅಂದಿನಿಂದ ಅವನ ತಲೆ ಕೆಟ್ಟಿತು.

ಅವನು ಹುಲ್ಲು ಆರಿಸಿದ್ದು ಹೆಣ್ಣು ನೋಡಲು ಹೋದವರ ಎಚ್ಚರದಿಂದ. ಬೇರು ಹರಡಿ ಕಂಡಲ್ಲೆಲ್ಲ ನುಗ್ಗುವ ಜಾತಿ ಬೇಡ, ಬುಡ ಕಟ್ಟಿಕೊಂಡು ನಿಂತಲ್ಲೇ ನಿಲ್ಲುವ ಜಾತಿಯೇ ಬೇಕು ಎಂದು ತೀರ್ಮಾನಿಸಿದ. ಕೆರೆ ಏರಿಯಿಂದ ಬೆಳ್ಳಿ ಬಾಲದಂಥ ತೆನೆಯ ಎತ್ತರದ ಹುಲ್ಲು ತಂದು ಹಿಂದಿನ ಸಾಲಿಗೆ ಹಾಕಿದ. ಅದರ ಮುಂದೆ ಲಾವಂಚ. ಅದರ ಮುಂದೆ ಗದಗಿನ ಕಡೆಯ ಭಾವಮೈದುನನ ಹೊಲದ ಬದುವಿನಿಂದ ಗೋಣಿಚೀಲದಲ್ಲಿ ಕಟ್ಟಿ ತಂದ ಕರಡ ಹುಲ್ಲು. ತೀರ ಮುಂದೆ, ಹಳ್ಳಿಗಳಲ್ಲಿ ಪೊರಕೆ ಕಟ್ಟುತ್ತಾರಲ್ಲ, ಆ ಹಂಚಿಕಡ್ಡಿ. ಮೊದಲ ಮಳೆಗೆ ನೆಟ್ಟದ್ದು ಬಿಟ್ಟರೆ ಆಮೇಲೆ ಹೆಚ್ಚು ನೀರಿಲ್ಲ, ಗೊಬ್ಬರವಂತೂ ಇಲ್ಲವೇ ಇಲ್ಲ. ಕೊಬ್ಬಿದ ಹುಲ್ಲು ಅಡ್ಡ ಬೀಳುತ್ತದೆ ಎಂದು ಅವನು ಒಂದು ಬುಡ ಕಳೆದುಕೊಂಡು ಕಲಿತಿದ್ದ. ಎರಡು ವರ್ಷ ನೆಲದ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ.

“ನೀರ್ ಹಾಕೂದಿಲ್ಲ, ಗೊಬ್ಬರ ಹಾಕೂದಿಲ್ಲ,” ಎಂದು ಹೆಂಡತಿ ಹೇಮಲತಾ ಒಮ್ಮೆ ಕೇಳಿದ್ದಳು. “ಮತ್ತ ದಿನಾ ಮುಂಜಾನಿ ಎದ್ದು ಅಲ್ಲಿ ನಿಂತು ನೀವು ಮಾಡೂದರ ಏನ್ರಿ?”

“ನೋಡ್ತೀನಿ,” ಎಂದಿದ್ದ ಮಡಿವಾಳಪ್ಪ.

ಈ ವರ್ಷ ಮಳೆ ಹಿಂದೆ ಸರಿದದ್ದೇ ತಡ, ಎಲ್ಲ ಬುಡಗಳೂ ಮಾತಾಡಿಕೊಂಡಂತೆ ಒಟ್ಟಿಗೆ ತೆನೆ ಹಾಕಿದವು. ಬೆಳ್ಳಿ, ತಾಮ್ರ, ಹಳದಿ, ನಸುಗೆಂಪು. ಸಂಜೆ ಗಾಳಿಗೆ ಅಂಗಳವೇ ಉಸಿರಾಡುತ್ತಿತ್ತು. ಮಡಿವಾಳಪ್ಪ ಅದನ್ನು ಯಾರಿಗಾದರೂ ತೋರಿಸಲು ಹಂಬಲಿಸಿದ. ನೋಡಲು ಬಂದವರು ಸಂಘದವರು ಮಾತ್ರ.

ಸಂಘದ ಅಧ್ಯಕ್ಷ ಲಕ್ಷ್ಮಣಪ್ಪನವರು ನಿವೃತ್ತ ಎಂಜಿನಿಯರು, ಎದುರು ಮನೆಯವರು. ಅವರ ಕಾರ್ಪೆಟ್ ಹುಲ್ಲಿನ ಮೇಲೆ ಕಾಗೆ ಕೂಡ ಯೋಚಿಸಿ ಇಳಿಯುತ್ತಿತ್ತು. ಅವರ ಅಪ್ಪಣೆ ಇಲ್ಲದೆ ಬಡಾವಣೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಮಡಿವಾಳಪ್ಪನ ಮನೆಯಲ್ಲಿ ಮಾತ್ರ ಸಾವಿರ ಅಲ್ಲಾಡುತ್ತಿದ್ದವು. ಹಿಂದಿನ ತಿಂಗಳ ಮೀಟಿಂಗಿನಲ್ಲಿ ಜಗಳವಾಗಿ, ಕೊನೆಗೆ ಒಂದು ಒಪ್ಪಂದವಾಗಿತ್ತು. “ಕೈತೋಟ ಸ್ಪರ್ಧೆಗೆ ಹೊರಗಡೆಯಿಂದ ಜಡ್ಜು ಬರ್ತಾರೆ. ಅವರು ಇದನ್ನ ತೋಟ ಅಂದ್ರೆ ತೋಟ. ನಾನು ಬಾಯಿ ಮುಚ್ಕೊಂಡಿರ್ತೀನಿ. ಕಳೆ ಅಂದ್ರೆ ಮಿಷನ್ನು,” ಎಂದಿದ್ದರು ಲಕ್ಷ್ಮಣಪ್ಪನವರು. ಮಡಿವಾಳಪ್ಪ ಒಪ್ಪಿದ್ದ. ಆ ಜಡ್ಜು ಬರುವುದು ಇಂದು ಸಂಜೆ. ಅಲ್ಲಿಯವರೆಗೆ ಹುಲ್ಲು ನಿಂತಿದ್ದರೆ ಸಾಕಿತ್ತು. ಆದರೆ ತಮ್ಮ ಹುಲ್ಲುಹಾಸು ನೋಡಿದ ಜಡ್ಜು ಹಿಂದಕ್ಕೆ ತಿರುಗಿದರೆ ಆ ಕಾಡು ಕಣ್ಣಿಗೆ ಬೀಳುತ್ತದಲ್ಲ ಎಂದು ಅಧ್ಯಕ್ಷರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಅದಕ್ಕೇ ಮುನಿಕೃಷ್ಣ.

ಮಿಷನ್ನಿನ ತಂತಿ ಮೊದಲ ಹಂಚಿಕಡ್ಡಿಯ ಹತ್ತಿರ ಬಂತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮಡಿವಾಳಪ್ಪ ಬ್ರಶ್ಶಿನ ನೊರೆ ಉಗುಳಿ ಕೂಗಿದ: “ಏ, ನಿಲ್ಸು! ಅದು ಕಳೆ ಅಲ್ಲ! ಅದು... ಅದು ದರ್ಭೆ!”

ಮುನಿಕೃಷ್ಣ ಮಿಷನ್ನು ಆರಿಸಿದ. ಚಪ್ಪಲಿ ಬಿಟ್ಟ. ಬಗ್ಗಿ ಹಂಚಿಕಡ್ಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ಮೊದ್ಲೇ ಯೋಳಬಾರ್ದಾ ಸಾ? ಮಕ್ಕಳೊಂದಿಗ ನಾನು. ಮಿಸ್ನು ತಾಕಿದ್ರೆ ಏನು ಗತಿ?” ಎಂದು ಬರಿಗಾಲಲ್ಲೇ ಎದುರು ಮನೆಗೆ ಓಡಿದ.

ಐದು ನಿಮಿಷದಲ್ಲಿ ಲಕ್ಷ್ಮಣಪ್ಪನವರು ಕಾಫಿ ಲೋಟದ ಸಮೇತ ಬಂದರು. ಅವರು ದರ್ಭೆಯನ್ನು ಗ್ರಂಧಿಗೆ ಅಂಗಡಿಯ ಪ್ಯಾಕೆಟ್ಟಿನಲ್ಲಿ ಒಣಗಿದ್ದು ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಹಸಿಯಾಗಿದ್ದಾಗ ಹೀಗಿರಬಹುದು ಎಂದು ತಲೆಯಾಡಿಸಿದರು.

“ಏನ್ ಸಾರ್ ನೀವು, ಮನೇಲಿ ದರ್ಭೆ ಇಟ್ಕೊಂಡು ಮೂರು ವರ್ಷದಿಂದ ಹುಲ್ಲು ಹುಲ್ಲು ಅಂತಿದ್ರಿ! ಒಳ್ಳೇ ದಿನ ಬಾಯಿಬಿಟ್ರಿ ಬಿಡಿ. ಇವತ್ತು ರಾತ್ರಿ ಗ್ರಹಣ.”

“ಯಾವ ಗ್ರಹಣ?” ಎಂದ ಮಡಿವಾಳಪ್ಪ.

ಅವನ ಮೇಲೆ ಅನುಮಾನ ಬೇಡ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಳಗೆ ಹೋಗಿ ಹೆಂಡತಿಯನ್ನು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. “ಕೊರಳಾಗ ಲಿಂಗ ಐತಿ, ನಮಗ್ಯಾವ ಗ್ರಹಣರೀ?” ಎಂದಳು ಹೇಮಲತಾ, ಒಗ್ಗರಣೆಗೆ ಸಾಸಿವೆ ಹಾಕುತ್ತ. “ನಮ್ಮವ್ವ ಗ್ರಹಣದ ದಿನಾನ ಹೋಳಿಗಿ ಮಾಡಿ ಎಲ್ಲಾರ್ನೂ ಕರದು ಉಣಸ್ತಿದ್ಲು. ದರ್ಭಿ ಅಂತ ಯಾಕ್ ಹೇಳಾಕ ಹೋದ್ರಿ? ಅದಕ್ಕೂ ಗ್ರಹಣಕ್ಕೂ ಏನ್ ಸಂಬಂಧ?”

ಸಂಬಂಧ ಏನೆಂದು ಇಬ್ಬರಿಗೂ ಉಪ್ಪಿಟ್ಟು ತಿನ್ನುವಾಗ ತಿಳಿಯಿತು. ಪಕ್ಕದ ಮನೆಯ ಶ್ಯಾಮಲಾ ಬೆಳ್ಳಿ ತಟ್ಟೆಯಲ್ಲಿ ಕತ್ತರಿ ಇಟ್ಟುಕೊಂಡು ಬಂದರು. ಬಡಾವಣೆಯಲ್ಲಿ ಶಾಸ್ತ್ರದ ವಿಷಯದಲ್ಲಿ ಅವರ ಮಾತೇ ಕೊನೆ.

“ಮಡಿವಾಳಪ್ಪನೋರೇ, ನಾಲ್ಕೇ ನಾಲ್ಕು ಎಳೆ ತಗೋತೀನಿ. ಗ್ರಹಣ ಹಿಡಿಯೋದ್ರೊಳಗೆ ತಿನ್ನೋ ಪದಾರ್ಥ, ಕುಡಿಯೋ ನೀರು, ಎಲ್ಲದರ ಮೇಲೂ ದರ್ಭೆ ಬೀಳ್ಬೇಕಲ್ಲ.”

ನಾಲ್ಕು ಎಳೆ ತಾನೇ ಎಂದು ಮಡಿವಾಳಪ್ಪ ಒಪ್ಪಿದ. ಶ್ಯಾಮಲಾ ಬೆರಳು ಮಡಿಸುತ್ತ ಕತ್ತರಿಸತೊಡಗಿದರು. “ಉಪ್ಪಿನಕಾಯಿ ಭರಣಿಗೊಂದು. ಹಾಲಿಗೆ, ಮೊಸರಿಗೆ, ತುಪ್ಪಕ್ಕೆ. ದೋಸೆ ಹಿಟ್ಟಿಗೆ. ವಾಟರ್ ಫಿಲ್ಟರಿಗೆ. ನೀರಿನ ಸಂಪಿಗೆ. ಮಹಡಿ ಮೇಲಿನ ಟ್ಯಾಂಕಿಗೆ. ಅಲ್ರೀ, ಫ್ರಿಜ್ಜಿನ ಮೇಲೆ ಒಂದು ಹಾಕಿದ್ರೆ ಒಳಗಿರೋದಕ್ಕೆಲ್ಲ ಸಾಕೋ, ಇಲ್ಲಾ ಡಬ್ಬಿ ಡಬ್ಬಿಗೂ ಹಾಕ್ಬೇಕೋ?”

“ಒಂದು ಸಾಕು ಮೇಡಂ,” ಎಂದ ಮಡಿವಾಳಪ್ಪ.

“ನೀವು ಲಿಂಗಾಯತ್ರು, ನಿಮಗೆ ಗೊತ್ತಾಗಲ್ಲ. ಇರಲಿ, ಡಬ್ಬಿ ಡಬ್ಬಿಗೂ ತಗೊಂಡಿರ್ತೀನಿ,” ಎಂದು ಮುಂದಿನ ಸಾಲನ್ನು ಅರ್ಧ ಬೋಳಿಸಿ ಹೋದರು. ಹೋಗುವಾಗ ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಹರಸಿದರು. ಆ ಹರಕೆಯನ್ನೇ ಬಡಾವಣೆಯ ವಾಟ್ಸಾಪ್ ಗುಂಪಿಗೂ ಹಾಕಿದರು, ಮನೆ ನಂಬರಿನ ಸಮೇತ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಗೇಟಿನ ಮುಂದೆ ಸಾಲು ನಿಂತಿತು. ಒಬ್ಬರ ಕೈಯಲ್ಲಿ ಹರಿವಾಣ, ಒಬ್ಬರ ಕೈಯಲ್ಲಿ ಪಿಜ್ಜಾ ಡಬ್ಬಿ. ಯಾರೂ ದುರಾಸೆಯವರಲ್ಲ. ಎಲ್ಲರೂ ನಾಲ್ಕೇ ಎಳೆ ಕೇಳಿದರು. ಆದರೆ ನಲವತ್ತು ಮನೆಗಳಲ್ಲಿ ನಲವತ್ತು ಫ್ರಿಜ್ಜುಗಳಿದ್ದವು, ಲಕ್ಷ್ಮಣಪ್ಪನವರ ಮನೆಯಲ್ಲಿ ಎರಡು.

ಮಡಿವಾಳಪ್ಪ ಗೇಟಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈ ಅಗಲಿಸಿ, ಬೆಳಿಗ್ಗೆಯೇ ಹೇಳಬೇಕಿದ್ದ ನಿಜವನ್ನು ಈಗ ಹೇಳಿದ. “ನೋಡಿ, ಕ್ಷಮಿಸಿ. ಇದು ದರ್ಭೆ ಅಲ್ಲ. ನಾನೇ ಸುಳ್ಳು ಹೇಳಿದೆ. ಇದು ಹಂಚಿಕಡ್ಡಿ. ಪೊರಕೆ ಮಾಡೋ ಹುಲ್ಲು.”

ಹನ್ನೆರಡನೇ ಮನೆಯ ಯಜಮಾನರು ನೊಂದ ದನಿಯಲ್ಲಿ, “ಕೊಡಕ್ಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನಿ ಸಾರ್. ದರ್ಭೆನ ಪೊರಕೆ ಅನ್ಬೇಡಿ, ಬಾಯಿಗೆ ಪಾಪ ಸುತ್ಕೊಳ್ಳುತ್ತೆ,” ಎಂದರು. ಅವರ ಹಿಂದಿದ್ದ ಹೆಂಗಸು, “ಶ್ಯಾಮಲಾ ಮೇಡಂಗೆ ಮಾತ್ರ ಕೊಟ್ರಲ್ಲ, ನಾವೇನು ಮಾಡಿದ್ವಿ?” ಎಂದಳು. ಜನ ಇಷ್ಟು ನೊಂದುಕೊಂಡದ್ದನ್ನು ನೋಡಿ ಮಡಿವಾಳಪ್ಪನಿಗೇ ತಾನು ಜಿಪುಣನಿರಬಹುದೇ ಎಂಬ ಅನುಮಾನ ಬಂತು.

ನಿಜ ನಡೆಯಲಿಲ್ಲ ಎಂದ ಮೇಲೆ ಅವನು ಮತ್ತೆ ಸುಳ್ಳಿಗೇ ಮರಳಿದ. ಈ ಸಲದ್ದು ಯೋಚಿಸಿ ಹೇಳಿದ ಸುಳ್ಳು.

“ಆಯ್ತು, ತಗೊಳ್ಳಿ. ಆದ್ರೆ ದರ್ಭೆ ಅಂದ್ಮೇಲೆ ಮಡೀಲೇ ಕೀಳಬೇಕು. ತಲೆ ಮೇಲೆ ಸ್ನಾನ ಮಾಡಿ, ಒದ್ದೆ ಬಟ್ಟೇಲಿ ಬರಬೇಕು. ಇಲ್ಲಾಂದ್ರೆ ದೋಷ.”

ಸಾಲು ಕರಗಿತು. ಐ.ಟಿ. ಕಂಪನಿಗಳಲ್ಲಿ ದುಡಿಯುವ ಜನ ಶನಿವಾರ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಬೀದಿಗೆ ಬರುವುದುಂಟೇ? ಮಡಿವಾಳಪ್ಪ ಒಳಗೆ ಹೋಗಿ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡ. “ಶಾಣ್ಯಾ ಅದೀರಿ,” ಎಂದು ಮದುವೆಯಾದ ಮೇಲೆ ಮೊದಲ ಬಾರಿಗೆ ಹೇಮಲತಾ ಹೊಗಳಿದಳು.

ತಟ್ಟೆ ತೊಳೆಯುವುದರೊಳಗೆ ಗೇಟಿನ ಹತ್ತಿರ ತೊಟ್ಟಿಕ್ಕುವ ಸದ್ದು ಕೇಳಿಸಿತು. ಒದ್ದೆ ಪಂಚೆಯವರು, ಒದ್ದೆ ಸೀರೆಯವರು. ಮೂವತ್ತನೇ ಮನೆಯ ತರುಣನಂತೂ ಟ್ರ್ಯಾಕ್‌ಪ್ಯಾಂಟಿನಲ್ಲೇ ಶವರಿನ ಕೆಳಗೆ ನಿಂತು ಬಂದಿದ್ದ. ಕಷ್ಟವಿಲ್ಲದೆ ಸಿಗುವುದಕ್ಕಿಂತ ಕಷ್ಟಪಟ್ಟು ಸಿಗುವುದರ ಮೇಲೆ ಮನುಷ್ಯನಿಗೆ ನಂಬಿಕೆ ಜಾಸ್ತಿ ಎಂಬುದನ್ನು ಮಡಿವಾಳಪ್ಪ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಲ್ಲರ ಮುಂದೆ ಶ್ಯಾಮಲಾ ಇದ್ದರು, ಇನ್ನೊಮ್ಮೆ ಸ್ನಾನ ಮಾಡಿಕೊಂಡು.

“ನೀವು ಹೇಳಿದ್ದು ಒಳ್ಳೇದಾಯ್ತು ಕಣ್ರೀ. ನಾನೂ ಮರೆತಿದ್ದೆ. ಮಡಿ ಅಂದ್ಮೇಲೆ ಪೂರ್ತಿ ಮಡಿ. ಕತ್ತರಿ ತಾಗಿಸ್ಕೂಡದು, ಕಬ್ಬಿಣ ಅದು. ಬುಡಸಮೇತ ಕೈಯಲ್ಲೇ ಕೀಳಬೇಕು. ಎಲ್ಲರೂ ಕೇಳಿಸ್ಕೊಂಡ್ರಾ? ಬುಡಸಮೇತ! ಗ್ರಹಣ ಬಿಡೋವರೆಗೂ ಬಾಡಕೂಡದು!”

“ಅಯ್ಯೋ ಬೇಡಿ ಮೇಡಂ! ಕತ್ತರಿಸಿದ್ರೆ ಚಿಗುರುತ್ತೆ. ಬುಡ ಕಿತ್ರೆ ಏನೂ ಉಳಿಯಲ್ಲ!”

“ಚಿಂತೆ ಮಾಡ್ಬೇಡಿ. ದರ್ಭೆಗೆ ಸಾವಿಲ್ಲ,” ಎಂದು ಶ್ಯಾಮಲಾ ಅಭಯ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಇನ್ನು ಒಂದೇ ದಾರಿ ಉಳಿದಿತ್ತು. ಅಸಲಿ ದರ್ಭೆ ತಂದುಕೊಟ್ಟರೆ ನಕಲಿಯದನ್ನು ಬಿಡುತ್ತಾರಲ್ಲ! ಮಡಿವಾಳಪ್ಪ ಸ್ಕೂಟರ್ ಹತ್ತಿ ಹೆಬ್ಬಗೋಡಿಗೆ ಹಾರಿದ. ಮೊದಲ ಗ್ರಂಧಿಗೆ ಅಂಗಡಿಯಲ್ಲಿ ಖಾಲಿ. ಎರಡನೆಯದರಲ್ಲೂ ಖಾಲಿ. ಹೊಸೂರು ರಸ್ತೆ ದಾಟಿ, ಲಾರಿಗಳ ನಡುವೆ ಸಿಕ್ಕಿಕೊಂಡು, ಬಿಸಿಲಲ್ಲಿ ಬೆಂದು, ಕೊನೆಗೆ ಒಂದು ಗಲ್ಲಿಯ ಅಂಗಡಿಯಲ್ಲಿ ದರ್ಭೆ ಸಿಕ್ಕಿತು. ಇರುವುದೆಲ್ಲ ಕೊಡಿ ಎಂದ. ಅಂಗಡಿಯವನು ಕಟ್ಟುಗಟ್ಟಲೆ ಪ್ಯಾಕೆಟ್ಟು ಚೀಲಕ್ಕೆ ತುಂಬುತ್ತ ಮರುಕದಿಂದ ಕೇಳಿದ: “ಯಾರು ಸಾರ್ ತೀರ್ಕೊಂಡಿದ್ದು?”

“ಇನ್ನೂ ಜೀವ ಐತ್ರೀ, ಲಗೂ ಕೊಡ್ರಿ,” ಎಂದ ಮಡಿವಾಳಪ್ಪ, ಊರ ಭಾಷೆಯಲ್ಲೇ.

ಅವನು ವಾಪಸು ಬಂದಾಗ ಜೀವ ಹೋಗಿತ್ತು. ಅಂಗಳದಲ್ಲಿ ಕೆಂಪು ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಮುನಿಕೃಷ್ಣ ಬರಿಗಾಲಲ್ಲಿ ನಿಂತು ಗುಂಡಿಗಳನ್ನು ಮುಚ್ಚಿ ನೆಲ ಸಮ ಮಾಡುತ್ತಿದ್ದ.

“ಹಿಂದ್ಲ ಸಾಲು ಕೈಯಾಗೆ ಬರ್ನಿಲ್ಲ ಸಾ. ಬೇರು ಪಾತಾಳಕ್ಕೋಗವೆ. ಪ್ರೆಸಿಡೆಂಟ್ರು ಮರದ ಸನಿಕೆ ಮಾಡ್ಸಿ, ನಿಂತು ಅಗೆಸಿದ್ರು. ಕಬ್ಣ ತಾಕುಸ್ನಿಲ್ಲ, ನೀವೇನೂ ಯೋಚ್ನೆ ಮಾಡ್ಬ್ಯಾಡಿ.”

ಮಡಿವಾಳಪ್ಪ ಚೀಲ ಹಿಡಿದು ಮನೆಮನೆಗೆ ಹೋದ. ಇಗೋ ಅಸಲಿ ದರ್ಭೆ, ಇದನ್ನಿಟ್ಟುಕೊಂಡು ಅದನ್ನು ಕೊಡಿ ಎಂದು ಬೇಡಿದ. ಹನ್ನೆರಡನೇ ಮನೆಯ ಯಜಮಾನರು ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು, ತಮ್ಮ ದೋಸೆ ಹಿಟ್ಟಿನ ಮೇಲಿದ್ದ ಹಂಚಿಕಡ್ಡಿಯ ಪಕ್ಕಕ್ಕಿಟ್ಟು ಹೋಲಿಸಿದರು. “ಇದು ನಿಮ್ಮನೆ ದರ್ಭೆ ಥರ ಇಲ್ವಲ್ಲ ಸಾರ್. ಡೂಪ್ಲಿಕೇಟು. ನಿಮಗೆ ಯಾರೋ ಸರಿಯಾಗಿ ಟೋಪಿ ಹಾಕಿದಾರೆ.” ಶ್ಯಾಮಲಾ ಬಾಗಿಲೇ ತೆರೆಯಲಿಲ್ಲ. ಮಡಿಯಲ್ಲಿದ್ದರು.

ಅವನು ಚೀಲದೊಂದಿಗೆ ಬಂದು ಮನೆಯ ಮೆಟ್ಟಿಲ ಮೇಲೆ ಕುಳಿತ. ಹೇಮಲತಾ ಚಹಾ ತಂದಿಟ್ಟಳು. ಅವಳು ಬೈಯಲಿಲ್ಲ ಎಂಬುದರಿಂದಲೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿದೆ ಎಂದು ಅವನಿಗೆ ಅರ್ಥವಾಯಿತು. ದಿನಾ ಬೆಳಿಗ್ಗೆ ಇನ್ನು ಏನನ್ನು ನೋಡುವುದು? ಐವತ್ತರ ಹತ್ತಿರದ ಗಂಡಸು ಹುಲ್ಲಿಗಾಗಿ ಅತ್ತರೆ ಜನ ನಗುತ್ತಾರೆ ಎಂದು ಅವನು ಅಳಲಿಲ್ಲ, ಅಷ್ಟೆ. ದುಃಖವೇನೂ ಕಡಿಮೆ ಇರಲಿಲ್ಲ.

ಸಂಜೆ ಜಡ್ಜು ಬಂದರು. ಶಾಂತಿ ಎಂದು ಹೆಸರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಹತ್ತಿ ಸೀರೆ, ಕ್ಯಾನ್ವಾಸ್ ಬೂಟು. ಒಂದು ಮನೆಯ ಕಾರ್ಪೆಟ್ ಹುಲ್ಲು ನೋಡಿದರು, ಎರಡನೇ ಮನೆಯದು ನೋಡಿದರು, ಹತ್ತನೇ ಮನೆಯ ಹೊತ್ತಿಗೆ ಅವರ ಮುಖ ಹತ್ತೂ ಮನೆಯಲ್ಲಿ ಉಪ್ಪಿಟ್ಟನ್ನೇ ತಿಂದವರಂತಾಗಿತ್ತು. ಹಿಂದೆ ಸಂಘದವರ ಮೆರವಣಿಗೆ. ಮಡಿವಾಳಪ್ಪನ ಅಂಗಳದ ಮುಂದೆ ಅವರು ನಿಂತರು.

“ಇಲ್ಲೇನು ಕಟ್ಟಿಸ್ತಾ ಇದ್ದೀರಾ?”

“ಏನೂ ಇಲ್ಲ ಮೇಡಂ. ಇಲ್ಲಿ ಬೆಳಿಗ್ಗೆ ತನಕ ಹುಲ್ಲಿತ್ತು. ನಾಡಹುಲ್ಲು. ಬಹಳ ಚಂದ ಇತ್ತು...”

“ಸ್ಪರ್ಧೆ ದಿನ ಎಲ್ಲರೂ ಇತ್ತು ಅಂತಲೇ ಹೇಳ್ತಾರೆ,” ಎಂದರು ಶಾಂತಿ, ಅವನ ಮೇಲೆ ಕೋಪವೇನೂ ಇಲ್ಲದೆ. “ನಾನು ಕಣ್ಣಿಗೆ ಕಂಡಿದ್ದಕ್ಕೆ ಮಾತ್ರ ಅಂಕ ಕೊಡೋದು.” ಹಾಗೆಂದು ಎದುರು ಮನೆಯತ್ತ ತಿರುಗಿದವರು ಅಲ್ಲೇ ನಿಂತುಬಿಟ್ಟರು.

ಲಕ್ಷ್ಮಣಪ್ಪನವರು ಯಾವ ಕೆಲಸವನ್ನೂ ಅರೆಬರೆ ಮಾಡುವವರಲ್ಲ. ಗ್ರಹಣ ಬಿಡುವವರೆಗೂ ದರ್ಭೆ ಬಾಡಕೂಡದು ಎಂದದ್ದಕ್ಕೆ, ತಾವು ಅಗೆಸಿದ, ಕೀಳಿಸಿದ ಬುಡಗಳನ್ನೆಲ್ಲ ಮಣ್ಣಿನ ಸಮೇತ ದೊಡ್ಡ ದೊಡ್ಡ ಕುಂಡಗಳಿಗೆ ಕೂರಿಸಿದ್ದರು. ಬೋರ್‌ವೆಲ್ಲಿಗೆ ನಾಲ್ಕು ಕುಂಡ, ನೀರಿನ ಸಂಪಿಗೆ ನಾಲ್ಕು, ಬಾಗಿಲ ಎರಡು ಕಡೆ ಎರಡೆರಡು. ಎಂಜಿನಿಯರ ಕಣ್ಣಲ್ಲವೇ? ಎತ್ತರದವು ಹಿಂದೆ, ಗಿಡ್ಡವು ಮುಂದೆ, ನಡುವೆ ಅಳೆದಿಟ್ಟಂಥ ಅಂತರ. ಇಳಿಬಿಸಿಲು ಬೆಳ್ಳಿ ತೆನೆಗಳ ಹಿಂದಿನಿಂದ ಬರುತ್ತಿತ್ತು. ತನ್ನ ಅಂಗಳದಲ್ಲಿ ಅವು ಯಾವತ್ತೂ ಇಷ್ಟು ಚೆಂದ ಕಂಡಿರಲಿಲ್ಲ ಎಂದು ಮಡಿವಾಳಪ್ಪನಿಗೂ ಅನ್ನಿಸಿತು. ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯಿತು.

“ಇದಪ್ಪಾ ತೋಟ!” ಎಂದರು ಶಾಂತಿ. “ಬೆಂಗಳೂರಿನ ಯಾವ ಮನೇಲೂ ನಾನಿದನ್ನ ನೋಡಿಲ್ಲ. ಎಲ್ಲರೂ ಮೆಕ್ಸಿಕೋದ ಹುಲ್ಲು ಹಾಸಿದ್ರೆ ನೀವು ನಮ್ಮ ಹೊಲದ ಬದುವಿನ ಹುಲ್ಲನ್ನ ಅಲಂಕಾರಕ್ಕಿಟ್ಟಿದ್ದೀರಿ. ಇದು ಲಾವಂಚ. ಇದು ಕರಡ. ಇದು ಹಂಚಿಕಡ್ಡಿ. ಎಷ್ಟು ವರ್ಷದ ಬುಡ ಸಾರ್ ಇವು? ಮೊದಲ ಬಹುಮಾನಕ್ಕೆ ಇನ್ನು ಯೋಚನೆ ಮಾಡೋದೇ ಬೇಡ.”

“ಮೇಡಂ, ಅವು ನನ್ನವು!” ಎಂದು ಮಡಿವಾಳಪ್ಪ ರಸ್ತೆ ದಾಟಿ ಬಂದ.

“ಹೌದು ಮೇಡಂ, ಅವರದ್ದೇ,” ಎಂದರು ಲಕ್ಷ್ಮಣಪ್ಪನವರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. “ಬೆಳಿಗ್ಗೆ ಕೊಟ್ರು. ಇಲ್ಲಿ ಜೋಡ್ಸಿದ್ದು ನಾನು.”

“ಸಸಿ ಯಾರಾದ್ರೂ ಕೊಟ್ಟೇ ಕೊಟ್ಟಿರ್ತಾರೆ. ತೋಟ ಯಾರ ಮನೇಲಿದೆ ಅನ್ನೋದಷ್ಟೇ ಮುಖ್ಯ,” ಎಂದು ಶಾಂತಿ ಅಂಕ ಬರೆದುಕೊಂಡರು.

ಆಗ ಗುಂಪಿನಿಂದ ಶ್ಯಾಮಲಾ, ಕೈಯಲ್ಲೊಂದು ಎಳೆ ಹಿಡಿದು, ಮುಂದೆ ಬಂದರು. “ಮೇಡಂ, ಇದರಲ್ಲಿ ದರ್ಭೆ ಯಾವುದು ಅಂತ ನೀವು ಹೇಳಲೇ ಇಲ್ಲ?”

“ದರ್ಭೆನಾ? ಇಲ್ಲೆಲ್ಲಿದೆ? ನೀವು ಕೈಯಲ್ಲಿ ಹಿಡ್ಕೊಂಡಿರೋದು ಪೊರಕೆ ಹುಲ್ಲು.”

ನಲವತ್ತು ಮನೆಯವರು ಒಟ್ಟಿಗೆ ಮಡಿವಾಳಪ್ಪನ ಕಡೆ ತಿರುಗಿದರು. ನಲವತ್ತು ಮನೆಗಳ ದೋಸೆ ಹಿಟ್ಟಿನಲ್ಲಿ ಪೊರಕೆ ಕೂತಿತ್ತು.

“ನಾ ಹೇಳಿದ್ನಲ್ಲ! ಬೆಳಿಗ್ಗೆ ಗೇಟಲ್ಲಿ ನಿಂತು ಹೇಳ್ದೆ, ಇದು ಪೊರಕೆ ಹುಲ್ಲು ಅಂತ!”

“ದರ್ಭೆ ಅಂತಾನೂ ಹೇಳಿದ್ರಿ,” ಎಂದರು ಹನ್ನೆರಡನೇ ಮನೆಯವರು. “ನಾವು ಯಾವುದನ್ನ ನಂಬೋಣ?”

ಮಡಿವಾಳಪ್ಪ ಮನೆಗೆ ಓಡಿ ಚೀಲ ತಂದ. ಮಧ್ಯಾಹ್ನ ಡೂಪ್ಲಿಕೇಟು ಎನ್ನಿಸಿಕೊಂಡಿದ್ದ ಪ್ಯಾಕೆಟ್ಟುಗಳು ಎರಡು ನಿಮಿಷದಲ್ಲಿ ಖಾಲಿಯಾದವು. ಅವನ ಮನಸ್ಸಿನಲ್ಲಿ ಸಣ್ಣಗೆ ಆಸೆ ಚಿಗುರಿತು. ದರ್ಭೆಯಲ್ಲ ಎಂದು ತಿಳಿದ ಮೇಲೆ ಹುಲ್ಲನ್ನು ಇಟ್ಟುಕೊಂಡು ಇವರೇನು ಮಾಡುತ್ತಾರೆ? ವಾಪಸು ಕೊಡುತ್ತಾರೆ. ಬೇರಿನ ಸಮೇತ ಇದೆ. ಈ ಸಂಜೆಯೇ ನೆಟ್ಟು ನೀರು ಹಾಕಿದರೆ ಅರ್ಧವಾದರೂ ಬದುಕಿಕೊಳ್ಳುತ್ತದೆ.

“ಹಾಗಾದ್ರೆ ಆ ಹುಲ್ಲು...” ಎಂದು ಕೈ ಚಾಚಿದ.

“ಅದು ಇರಲಿ ಬಿಡಿ,” ಎಂದರು ಶ್ಯಾಮಲಾ. “ಫಸ್ಟ್ ಪ್ರೈಜ್ ಬಂದಿರೋ ಹುಲ್ಲು. ನಮ್ಮ ಗೇಟಿನ ಹತ್ತಿರ ನೆಡ್ತೀನಿ.” ಹನ್ನೆರಡನೇ ಮನೆಯವರು ಆಗಲೇ ಮುನಿಕೃಷ್ಣನನ್ನು ಗುಂಡಿ ತೋಡಲು ಕರೆಯುತ್ತಿದ್ದರು.

ಗ್ರಹಣದ ದೆಸೆಯಿಂದ ಬಹುಮಾನ ವಿತರಣೆ ಬೇಗ ಮುಗಿಯಬೇಕಿತ್ತು. ಪಾರ್ಕಿನಲ್ಲಿ ಕುರ್ಚಿ ಹಾಕಿ ಮೈಕು ಕಟ್ಟಿದ್ದರು. ಕಾರ್ಯಕ್ರಮ ಶುರುವಾಗುವ ಮೊದಲು ಲಕ್ಷ್ಮಣಪ್ಪನವರು ಮಡಿವಾಳಪ್ಪನನ್ನು ನೀರಿನ ಟ್ಯಾಂಕಿನ ಮರೆಗೆ ಕರೆದುಕೊಂಡು ಹೋದರು. ಮುಖದಲ್ಲಿ ಬೆವರು.

“ಸಾರ್, ಮೇಡಂ ನನ್ನ ಮೈಕಲ್ಲಿ ಮಾತಾಡಿ ಅಂತಿದಾರೆ. ಹುಲ್ಲು ಹೆಂಗೆ ಆರಿಸಿದ್ರಿ, ಹೆಂಗೆ ಬೆಳೆಸಿದ್ರಿ ಅಂತ. ಹೆಂಗೆ ಸಾರ್ ಬೆಳೆಸಿದೆ ನಾನು?”

ಸ್ವಾಭಿಮಾನ ಇರುವವನು ಅಲ್ಲಿಂದ ಹೊರಟು ಹೋಗುತ್ತಿದ್ದ. ಮಡಿವಾಳಪ್ಪನೂ ಹೊರಟ. ಆದರೆ ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಹೆಂಡತಿಯೂ ಕೂಡ. ಅವನ ಕಾಲು ನಿಂತಿತು, ಬಾಯಿ ತಾನಾಗಿ ತೆರೆದುಕೊಂಡಿತು. ಹರಡುವ ಜಾತಿ ಯಾಕೆ ಬೇಡ, ಬುಡ ಕಟ್ಟುವ ಜಾತಿ ಹೇಗೆ ಗುರುತಿಸುವುದು, ಎರಡು ವರ್ಷ ಏನೂ ಕಾಣದಿದ್ದರೂ ಕೆಳಗೆ ಬೇರು ಇಳಿಯುತ್ತಿರುತ್ತದೆಂದು ಹೇಗೆ ನಂಬಿಕೊಂಡಿರಬೇಕು, ಬೇಸಗೆಯ ಕೊನೆಗೆ ಒಮ್ಮೆ ಮಾತ್ರ ಯಾಕೆ ತರಿಯಬೇಕು, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಖುಷಿಯಾಯಿತು ಕೂಡ. ನಾಚಿಕೆಗೇಡು.

ಲಕ್ಷ್ಮಣಪ್ಪನವರು ಮೈಕಿನ ಮುಂದೆ ಒಂದು ಅಕ್ಷರವನ್ನೂ ಬಿಡಲಿಲ್ಲ. ಬಡಾವಣೆಯ ಮೀಟಿಂಗುಗಳಲ್ಲಿ ಮಡಿವಾಳಪ್ಪ ಎದ್ದು ನಿಂತರೆ ಸಾಕು ಎಲ್ಲರೂ ಮೊಬೈಲು ತೆಗೆಯುತ್ತಿದ್ದರು. ಈಗ ಅವನವೇ ಮಾತುಗಳನ್ನು ನಲವತ್ತು ಮನೆಯವರು ಉಸಿರು ಬಿಗಿಹಿಡಿದು ಕೇಳಿದರು. “ಕೆಳಗೆ ಬೇರು ಇಳೀತಾ ಇರುತ್ತೆ ಅಂತ ನಂಬ್ಕೊಂಡು ಕಾಯ್ಬೇಕು,” ಎಂದಾಗ ಶಾಂತಿಯವರ ಕಣ್ಣಲ್ಲಿ ನೀರು ಬಂತು. ಲಕ್ಷ್ಮಣಪ್ಪನವರೂ ಮೈಕು ಬಿಟ್ಟು ಕರ್ಚೀಫು ಹುಡುಕಿದರು. ಅವರಿಗೂ ತಾವು ಮೂರು ವರ್ಷ ಕಾದದ್ದು ನೆನಪಿಗೆ ಬಂದಂತಿತ್ತು.

“ಕೊನೇದಾಗಿ ಒಂದು ಮಾತು,” ಎಂದರು ಅವರು. “ನಾನಿನ್ನು ನಮ್ಮನೆ ಕಾರ್ಪೆಟ್ ಹುಲ್ಲು ಕಿತ್ತು, ಪೂರ್ತಿ ನಾಡಹುಲ್ಲೇ ಹಾಕ್ತೀನಿ. ಕಿತ್ತ ಕಾರ್ಪೆಟ್ಟನ್ನ ವೇಸ್ಟ್ ಮಾಡಲ್ಲ. ಇಡೀ ಲೇಔಟಲ್ಲಿ ಅಂಗಳ ಖಾಲಿ ಬಿಟ್ಟಿರೋರು ಅಂದ್ರೆ ನಮ್ಮ ಮಡಿವಾಳಪ್ಪನೋರು ಒಬ್ಬರೇ. ಬೆಳಿಗ್ಗೆ ಏನೋ ಸುಳ್ಳು ಹೇಳಿದ್ರು, ಅದನ್ನ ನಾವು ಮನಸ್ಸಲ್ಲಿ ಇಟ್ಕೊಳ್ಳೋದು ಬೇಡ. ನಾಳೆ ಬೆಳಿಗ್ಗೆನೇ ಮುನಿಕೃಷ್ಣನ ಕೈಲಿ ಅವರ ಮನೆ ಮುಂದೆ ಉಚಿತವಾಗಿ ಹಾಸಿಸಿ ಕೊಡ್ತೀನಿ!”

ಪಾರ್ಕಿನ ತುಂಬ ಚಪ್ಪಾಳೆ. ಹೇಮಲತಾ ಗಂಡನ ಪಕ್ಕೆಗೆ ಮೊಣಕೈಯಿಂದ ಮೆಲ್ಲಗೆ ತಿವಿದಳು.

“ನೀವೂ ಬಡೀರ್ರೀ. ಸುಮ್ಮ ಕುಂತ್ರ ಹೊಟ್ಟಿಕಿಚ್ಚು ಅಂತಾರ.”

ಮಡಿವಾಳಪ್ಪ ಚಪ್ಪಾಳೆ ಹೊಡೆದ.